ಎಡಗಡೆಯ ಸೀಟು

ಗಂಡ ಡ್ರೈವರ್ ಆಗಿರುವ ಮನೆಯಲ್ಲಿ ಹೆಂಡತಿ ಕಾರು ಕಲಿಯುವ ಪ್ರಸಂಗವೇ ಬರುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಸೇಡಂನಲ್ಲಿ ನಮ್ಮದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷೀನು, ಅಂಗಳದಲ್ಲಿ ನಮ್ಮವರ ಬಿಳಿ ಕಾರು. ನಾನು ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದೆ, ಅವರು ಬಾಡಿಗೆಗೆ ಕಾರು ಓಡಿಸುತ್ತಿದ್ದರು. ಲಗ್ನಕ್ಕೆ ಹೋಗುವವರು, ಹೈದರಾಬಾದಿನ ಆಸ್ಪತ್ರೆಗೆ ಹೋಗುವವರು, ಹೆರಿಗೆ ನೋವು ಶುರುವಾಗಿ ಕಲಬುರಗಿಗೆ ಓಡುವವರು, ಎಲ್ಲರೂ ನಮ್ಮ ಬಾಗಿಲಿಗೇ ಬರುತ್ತಿದ್ದರು. ಇದ್ದೊಬ್ಬ ಮಗಳನ್ನು ಚಿಂಚೋಳಿಗೆ ಕೊಟ್ಟೆವು. ಆ ದಿನ ಮದುಮಕ್ಕಳ ಕಾರನ್ನೂ ಅವರೇ ಓಡಿಸಿದರು. ಹೆಣ್ಣಿನ ತಂದೆ ಸ್ಟೇರಿಂಗ್ ಹಿಡಿದರೆ ಚೆನ್ನಾಗಿರುವುದಿಲ್ಲ ಎಂದು ಬೀಗರು ಹೇಳಿದರೂ ಕೇಳಲಿಲ್ಲ.

ಅವರ ಹತ್ತಿರ ಡ್ರೈವರುಗಳನ್ನು ಅಳೆಯುವ ಅಳತೆ ಒಂದೇ ಇತ್ತು. "ಗಾಡ್ಯಾಗ ಕುಂತವರು ನಿದ್ದಿ ಮಾಡಿದ್ರ ಡ್ರೈವರ್ ಪಾಸ್. ಕಣ್ಣ ಬಿಟ್ಕೊಂಡು ಕುಂತ್ರ ಫೇಲ್," ಅನ್ನುತ್ತಿದ್ದರು. ತಮ್ಮ ಕಾರಿನಲ್ಲಿ ಯಾರ್ಯಾರು ಮಲಗಿದರು ಎಂಬುದನ್ನು ಮನೆಗೆ ಬಂದು ನನಗೆ ವರದಿ ಒಪ್ಪಿಸುತ್ತಿದ್ದರು. ಹೆರಿಗೆ ನೋವಿನವಳೊಬ್ಬಳು ಎರಡು ನೋವಿನ ನಡುವೆ ಗೊರಕೆ ಹೊಡೆದಿದ್ದಳಂತೆ. ಅದನ್ನು ಎಷ್ಟು ಸಲ ಹೇಳಿದರೋ, ನನಗೆ ಆ ಹೆಂಗಸಿನ ಮೇಲೆ ಸಿಟ್ಟೇ ಬಂದಿತ್ತು. ಆದರೆ ಬೇರೆಯವರು ಓಡಿಸುವ ಗಾಡಿಯಲ್ಲಿ ಅವರಿಗೆ ಮಾತ್ರ ಒಂದು ಜೊಂಪೂ ಹತ್ತುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಬಲಗಾಲು ನೆಲವನ್ನು ಒತ್ತುತ್ತಲೇ ಇರುತ್ತಿತ್ತು, ಅಲ್ಲೊಂದು ಬ್ರೇಕ್ ಇದೆಯೇನೋ ಎಂಬಂತೆ. ನಮ್ಮ ಮದುವೆ ಮುಗಿಸಿಕೊಂಡು ಶಹಾಬಾದಿನ ನನ್ನ ತವರಿನಿಂದ ಸೇಡಂಗೆ ಬಸ್ಸಿನಲ್ಲಿ ಬರುವಾಗಲೂ ಹಾಗೇ ಒತ್ತುತ್ತಿದ್ದರು. ಹೊಸ ಗಂಡನಿಗೆ ಕಾಲು ನಡುಕದ ರೋಗವಿದೆಯೋ ಏನೋ ಎಂದು ನಾನು ದಾರಿಯುದ್ದಕ್ಕೂ ಹೆದರಿದ್ದೆ.

ಆಮೇಲೆ ಸಕ್ಕರೆ ಕಾಯಿಲೆ ಬಂತು. ಬಂದದ್ದಲ್ಲ, ಇದ್ದದ್ದು ಗೊತ್ತಾಯಿತು. ಹೊತ್ತಿಲ್ಲದ ಹೊತ್ತಿನಲ್ಲಿ ಧಾಬಾದ ಊಟ, ನಿಂತಲ್ಲೆಲ್ಲ ಚಹಾ. ನಾನು ಹೇಳಿ ಹೇಳಿ ಸಾಕಾಗಿದ್ದೆ. ಮೊದಲು ಕಾಲಿನ ಬೆರಳಿನ ಗಾಯ ಮಾಯಲಿಲ್ಲ, ಆಮೇಲೆ ಕಣ್ಣು ಮಂಜಾಯಿತು, ಕೊನೆಗೆ ಕಿಡ್ನಿ ಕೈಕೊಟ್ಟಿತು. ಕಣ್ಣಿನ ವಿಷಯವನ್ನು ಅವರು ನನ್ನಿಂದ ಮುಚ್ಚಿಟ್ಟಿದ್ದರು. ಒಂದು ಸಂಜೆ ವಾಡಿಯಿಂದ ಬಂದವರು ಕಾರು ನಿಲ್ಲಿಸಿ, ಕೀಲಿಯನ್ನು ಗೋಡೆಯ ಮೊಳೆಗೆ ಹಾಕಿ, ಹೊಸ್ತಿಲ ಮೇಲೆ ಕೂತರು.

"ಇನ್ನ ಸಾಕು. ಇವತ್ತ ರೋಡಿನ್ಯಾಗ ಕುರಿ ಹಿಂಡು ಬಂದದ್ದು ಕಾಣಲೇ ಇಲ್ಲ ನಂಗ," ಅಂದರು.

"ಹೊಡದ್ರೇನ್ರಿ?"

"ಇಲ್ಲ. ಕುರಿ ಕಾಯಾವ ಬೈದಾಗ ಗೊತ್ತಾತು."

ಅವತ್ತಿನಿಂದ ಅವರು ಕೀಲಿ ಮುಟ್ಟಲಿಲ್ಲ. ಅಂಗಳದಲ್ಲಿ ನಿಂತ ಕಾರಿನ ಮೇಲೆ ಸಿಮೆಂಟ್ ಫ್ಯಾಕ್ಟರಿಯ ಧೂಳು ಕೂರುತ್ತ ಹೋಯಿತು. ನಮ್ಮ ಊರಿನಲ್ಲಿ ನಿಂತದ್ದರ ಮೇಲೆಲ್ಲ ಅದು ಕೂರುತ್ತದೆ.

ವಾರಕ್ಕೆ ಎರಡು ಸಲ ಕಲಬುರಗಿಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕಾಯಿತು. ನಾವು ಬಸ್ಸಿನಲ್ಲೇ ಹೋಗುತ್ತಿದ್ದೆವು. ಹೋಗುವುದು ಹೇಗೋ ಆಗುತ್ತಿತ್ತು, ಬರುವುದೇ ನರಕ. ಯಂತ್ರದಿಂದ ಎದ್ದ ಮನುಷ್ಯನ ಮೈಯಲ್ಲಿ ಹಿಂಡಿದ ಬಟ್ಟೆಯಷ್ಟೂ ಸತ್ವ ಉಳಿದಿರುತ್ತಿರಲಿಲ್ಲ. ಒಂದು ಮಧ್ಯಾಹ್ನ ತುಂಬಿದ ಬಸ್ಸಿನಲ್ಲಿ ಅವರಿಗೆ ವಾಂತಿಯಾಯಿತು. ಪಕ್ಕದವನ ಸಂತೆ ಚೀಲದ ಮೇಲೆಯೇ ಆಯಿತು. ಅವನು ಬೈದ, ನಾಲ್ಕು ಜನ ಮೂಗು ಮುಚ್ಚಿಕೊಂಡರು. "ಇಳಿಸ್ರೀ ಅಕ್ಕೋರ, ಜರಾ ಗಾಳಿ ಬಡೀಲಿ ಅವರಿಗಿ," ಎಂದು ಕಂಡಕ್ಟರ್ ತೆಂಗಳಿ ಕ್ರಾಸಿನಲ್ಲಿ ಬಸ್ಸು ನಿಲ್ಲಿಸಿದ. ನಾವು ಇಳಿದೆವು. ಸ್ವಲ್ಪ ಹೊತ್ತು ಕಾದು ಬಸ್ಸು ಹೋಯಿತು.

ಮುಚ್ಚಿದ ಚಹಾದಂಗಡಿಯ ಮುಂದಿನ ಫರಸಿ ಕಲ್ಲಿನ ಮೇಲೆ ಅವರನ್ನು ಮಲಗಿಸಿದೆ. ತಲೆ ನನ್ನ ತೊಡೆಯ ಮೇಲಿತ್ತು. ಸೇಡಂ ಕಡೆಗೆ ಹೋಗುವ ಕಾರುಗಳಿಗೆ ನಾನು ಕೈ ಮಾಡುತ್ತಿದ್ದೆ. ದೂರದಿಂದ ಒಂದು ಕಾರು ಬರುತ್ತಿದ್ದಾಗ ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು.

"ಇದಕ್ಕ ಕೈ ಮಾಡಬ್ಯಾಡ. ನಮ್ಮ ಸ್ಟ್ಯಾಂಡಿನ ಗಾಡಿ ಇದು. ಸಪ್ಪಳ ಗೊತ್ತದ ನಂಗ."

ಅವರ ಸ್ನೇಹಿತನ ಕಾರು ನಮ್ಮ ಮುಂದೆಯೇ ಹೋಯಿತು. ನಾನು ಮುಖಕ್ಕೆ ಸೆರಗು ಎಳೆದುಕೊಂಡೆ. ಆ ದಿನದ ಬಿಸಿಲು, ಆ ಕಲ್ಲಿನ ಕಾವು, ಅವರು ನನ್ನ ಕೈ ಹಿಡಿದ ಬಿಗಿ ಎಲ್ಲ ನೆನಪಿದೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಮುಂದಿನ ಬಸ್ಸು ಹಿಡಿದು ಮನೆಗೆ ಬಂದ ಮೇಲೆ ಅವರು, "ಇನ್ನ ನಾ ಬರಂಗಿಲ್ಲ. ಆಗೂದು ಮನ್ಯಾಗ ಆಗ್ಲಿ," ಅಂದರು. ಹೇಳಿದಂತೆಯೇ ಮುಂದಿನ ಪಾಳಿಗೆ ಹೋಗಲಿಲ್ಲ. ಮುಖ ಊದಿತು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಹೀಗೇ ತಪ್ಪಿಸಿದರೆ ಎದೆಯಲ್ಲಿ ನೀರು ತುಂಬಿ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಫೋನಿನಲ್ಲಿ ನನಗೆ ನೇರವಾಗಿ ಹೇಳಿದರು. ಬಾಡಿಗೆ ಕಾರು ಮಾಡೋಣ ಅಂದೆ. ವಾರಕ್ಕೆರಡು ಬಾಡಿಗೆ ನಾವು ಹೊರುವಂಥದ್ದೂ ಆಗಿರಲಿಲ್ಲ, ಅವರು ಒಪ್ಪುವಂಥದ್ದೂ ಆಗಿರಲಿಲ್ಲ. "ನಾ ಗಿರಾಕಿ ಆಗಿ ಹಿಂದ ಕುಂದ್ರಲೇನು?" ಅಂದರು.

"ಗಾಡಿ ಅಂಗಳದಾಗ ಅದ. ನಾ ಕಲ್ತು ಹೊಡಿತೀನ್ರಿ," ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

ಅವರು ಅಂಗಳದ ಕಡೆಗೆ ಮುಖ ತಿರುಗಿಸಿದರು. ಆಮೇಲೆ, "ನೀ ಕಲಿಯೂತನಕ ಬಸ್ಸಿನ್ಯಾಗ ಬರ್ತೀನಿ. ಭಾಳ ದಿನ ಹಚ್ಚಬ್ಯಾಡ," ಅಂದರು.

ಹೀಗೆ ನಾನು ಕಾರು ಕಲಿಯಬೇಕಾಯಿತು. ಕಲಿಯದಿದ್ದರೆ ಅವರು ಬದುಕುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಯಾರ ಹತ್ತಿರ ಕಲಿಯುವುದು ಎಂಬ ಪ್ರಶ್ನೆ ಬಂತು. ಮನೆಯಲ್ಲೇ ಅಷ್ಟು ದೊಡ್ಡ ಡ್ರೈವರ್ ಇದ್ದಾರಲ್ಲ ಎಂದು ಓಣಿಯವರೆಲ್ಲ ಅಂದರು. ಅವರು ಒಪ್ಪಲಿಲ್ಲ. "ಕಣ್ಣಿಲ್ಲದಾವ ಏನ್ ಕಲಸ್ಲಿ?" ಅಂದುಬಿಟ್ಟರು. ನಿಜ ಹೇಳಬೇಕೆಂದರೆ ನನಗೂ ಅದು ಬೇಕಾಗಿರಲಿಲ್ಲ. ರೊಟ್ಟಿ ದಪ್ಪವಾದರೆ ತಿಂದುಕೊಂಡು ಸುಮ್ಮನಿರುವ ಮನುಷ್ಯ, ಗೇರು ತಪ್ಪಾಗಿ ಹಾಕುವವರನ್ನು ಮಾತ್ರ ಜನ್ಮಕ್ಕೂ ಕ್ಷಮಿಸುತ್ತಿರಲಿಲ್ಲ. ಹೊರಗಿನವರ ಮುಂದೆ ಹೆಡ್ಡಿಯಾಗುವುದು ಪರವಾಗಿಲ್ಲ, ಇವರ ಮುಂದೆ ಬೇಡ ಅಂದುಕೊಂಡೆ.

ಊರಿನ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಕಲಿಸುವವನಿಗೆ ನನ್ನ ಅಳಿಯನ ವಯಸ್ಸು. ಬಾಯಿ ತುಂಬ ಮೇಡಂ ಅನ್ನುತ್ತಿದ್ದ, ಕೈ ತುಂಬ ಫೋನು. ಅವನ ಕಾಲಿನ ಹತ್ತಿರವೂ ಬ್ರೇಕು, ಕ್ಲಚ್ಚು ಇದ್ದವು. ನಾನು ನನ್ನಷ್ಟಕ್ಕೆ ಕಾರು ಓಡಿಸುತ್ತಿದ್ದೇನೆ ಎಂಬ ಹೆಮ್ಮೆಯಲ್ಲಿ ಊರ ಹೊರಗಿನ ರಸ್ತೆಯಲ್ಲಿ ಹೋಗಿ ಬರುತ್ತಿದ್ದೆ. ಮನೆಗೆ ಬಂದು ಹೇಳಿದರೆ ಅವರು, "ನಿಂದ್ರಸೂದು ನೀನೋ, ಅಂವನೋ?" ಎಂದು ಕೇಳಿದರು. ನಾನೇ ಅಂದೆ. ಮರುದಿನ ಸಂಶಯ ಬಂದು, ಒಂದು ತಿರುವಿನ ಹತ್ತಿರ ಎರಡೂ ಕಾಲುಗಳನ್ನು ಪೆಡಲುಗಳಿಂದ ಮೇಲೆತ್ತಿದೆ. ಕಾರು ಹದವಾಗಿ ನಿಧಾನವಾಯಿತು, ತಿರುಗಿತು, ಮುಂದೆ ಹೋಯಿತು. ಅವನು ಫೋನಿನಿಂದ ಕಣ್ಣೆತ್ತಿರಲಿಲ್ಲ. ಅಷ್ಟು ದಿನ ನಾನು ಮಾಡಿದ್ದು ಸ್ಟೇರಿಂಗ್ ಹಿಡಿದುಕೊಂಡು ಕೂತದ್ದು ಮಾತ್ರ. ಮಾರನೆಯ ದಿನದಿಂದ ಹೋಗಲಿಲ್ಲ.

ಆಮೇಲೆ ಶಹಾಬಾದಿನಿಂದ ನನ್ನ ತಮ್ಮ ಬಂದ. ಅಲ್ಲಿ ಫರಸಿ ಕಲ್ಲಿನ ಪಾಲಿಶ್ ಮಷೀನಿನಲ್ಲಿ ಅವನಿಗೆ ಕೆಲಸ. ಅವನು ನಮ್ಮ ಕಾರನ್ನು ತೊಳೆದು, ಬ್ಯಾಟರಿ ಹಾಕಿಸಿ, ನನ್ನನ್ನು ಕೂರಿಸಿಕೊಂಡು ಶಹಾಬಾದಿಗೆ ಹೋದ. ಊರ ಪಕ್ಕದಲ್ಲಿ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯಿದೆ. ಕೆಳಗೆ ನೆಲ ಸಾರಿಸಿದಂತೆ ಸಪಾಟು, ಯಾರೂ ಬರುವುದಿಲ್ಲ, ಅಲ್ಲಲ್ಲಿ ಒಟ್ಟಿದ ಕಲ್ಲಿನ ರಾಶಿ. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂದ. ಜಾಗ ಒಳ್ಳೆಯದೇ ಇತ್ತು, ಗುರು ಸರಿ ಇರಲಿಲ್ಲ. ಕಲ್ಲಿನ ಮಷೀನಿನ ಗದ್ದಲದಲ್ಲಿ ದಿನವೆಲ್ಲ ಕೂಗಿ ಮಾತಾಡುವ ಹುಡುಗ, ಕಾರಿನೊಳಗೂ ಕೂಗಿಯೇ ಮಾತಾಡುತ್ತಿದ್ದ. ನಾನು ಕಾಲಿಡುವ ಮೊದಲೇ ಅವನ ಕೂಗು. ಅವನು ಕೂಗಿದ ಕೂಡಲೇ ನನ್ನ ಕಾಲು ಯಾವುದೆಂದು ನನಗೇ ಗೊತ್ತಾಗುತ್ತಿರಲಿಲ್ಲ.

ಎರಡನೆಯ ಭೇಟಿಯಲ್ಲೋ ಮೂರನೆಯದರಲ್ಲೋ ಕಲ್ಲಿನ ರಾಶಿಯ ಪಕ್ಕದಲ್ಲಿ ಹೋಗುವಾಗ ಕಾರಿನ ಎಡ ಮಗ್ಗುಲು ಪೂರ್ತಿ ಉಜ್ಜಿಕೊಂಡು ಹೋಯಿತು. ಹಲ್ಲು ಜುಮ್ಮೆನ್ನುವ ಸದ್ದು. ಇಳಿದು ನೋಡಿದರೆ ಮುಂದಿನ ಬಾಗಿಲಿನಿಂದ ಹಿಂದಿನವರೆಗೆ ಬಣ್ಣ ಹೋಗಿ ತಗಡು ಕಾಣುತ್ತಿತ್ತು. ತಮ್ಮ ಆಗ ಮೊದಲ ಸಲ ದನಿ ತಗ್ಗಿಸಿ, "ಅಕ್ಕಾ, ಮಾವಗ ಕಾಣಂಗಿಲ್ಲಲ. ಹೇಳಬ್ಯಾಡ ಬಿಡು," ಅಂದ. ಆ ಮಾತು ಗೀಚಿಗಿಂತ ಹೆಚ್ಚು ನೋಯಿಸಿತು.

ಮನೆಗೆ ಬಂದು ನಾನೇ ಹೇಳಿದೆ. ಅವರು ಎದ್ದು, ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದು, ಕಾರಿನ ಎಡ ಮಗ್ಗುಲಿನ ಮೇಲೆ ಅಂಗೈಯನ್ನು ಉದ್ದಕ್ಕೂ ಆಡಿಸಿದರು. ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ. ತಮ್ಮ ಆಗಲೇ ಓಣಿಯ ತಿರುವು ದಾಟಿದ್ದ.

"ಎಡಗಡಿ ಎಷ್ಟ ಜಾಗ ಅದ ಅಂತ ನಿಂಗ ಯಾರೂ ಹೇಳ್ಯಾರಿಲ್ಲ," ಅಂದರು. "ಡ್ರೈವರಗ ಬಲಗಡಿ ತಾನಾಗೇ ಗೊತ್ತಾಗ್ತದ. ಎಡಗಡಿ ಕಲೀಬೇಕು. ನಡಿ, ಎಡಗಡಿ ನಾ ಕುಂದರ್ತೀನಿ."

ಮರುದಿನ ಮುಂಜಾನೆ ಅವರು ಶರಟು ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಕಣ್ಣಿಗೆ ಡಾಕ್ಟರು ಕೊಟ್ಟ ಕಪ್ಪು ಕನ್ನಡಕ ಇಟ್ಟುಕೊಂಡು ಬಾಡಿಗೆಗೆ ಹೊರಟವರ ಹಾಗೆಯೇ ಹೊರಟರು. ಹತ್ತಿದ್ದು ಮಾತ್ರ ಎಡಗಡೆಯ ಬಾಗಿಲಿನಿಂದ. ಕಿಟಕಿಯ ಗಾಜು ಇಳಿಸಿ ಎಡಗೈಯನ್ನು ಹೊರಗೆ, ಬಾಗಿಲ ಮೇಲೆ ಇಟ್ಟರು. "ನನ್ನ ಕೈ ಎಲ್ಲಿತನಕ ಅದನೋ ಅಲ್ಲಿತನಕ ಗಾಡಿ ಅದ ಅಂತ ತಿಳಿ. ನನ್ನ ಕೈ ಮುರೀಲಾರದಂಗ ಹೊಡಿ," ಅಂದರು.

ಚಿಂಚೋಳಿ ರಸ್ತೆಯಲ್ಲಿ ಮುಂಜಾನೆ ಗಾಡಿಗಳು ಕಡಿಮೆ. ಅಲ್ಲಿ ಕಲಿತೆ. ಅವರು ಒಮ್ಮೆಯೂ ಕೂಗಲಿಲ್ಲ. ಇಷ್ಟು ವರ್ಷ ಒಟ್ಟಿಗಿದ್ದೂ ಅವರಿಗೆ ಆ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಹೊಲಿಗಿ ಮಷೀನ್ ಮೊದಲ ಹೊಲಿಗಿಗೆ ಹೆಂಗ ತುಳೀತಿ? ಹಂಗ ಕ್ಲಚ್ ಬಿಡು," ಅಂದರು. ಅಷ್ಟು ಹೇಳಿದ್ದೇ ಸಾಕಾಯಿತು, ಕಾರು ಜಿಗಿಯದೆ ಹೊರಟಿತು. ಇಂಜಿನ್ನಿನ ಸದ್ದು ಕೇಳಿ, "ಈಗ ಮೂರು," "ಈಗ ಎರಡಕ್ಕ ಬಾ," ಅನ್ನುತ್ತಿದ್ದರು. ಗೋಡೆಯೋ ನಿಂತ ಲಾರಿಯೋ ಎಡಕ್ಕೆ ಹತ್ತಿರ ಬಂದರೆ ಗಾಳಿಯ ಸದ್ದು ಬದಲಾಗುತ್ತದಂತೆ, ಬೆರಳಿನಿಂದ ಬಾಗಿಲನ್ನು ತಟ್ಟುತ್ತಿದ್ದರು. ನಾನು ಬಲಕ್ಕೆ ಸರಿಯುತ್ತಿದ್ದೆ. ಆದರೆ ಅವರ ಬಲಗಾಲು ಮಾತ್ರ ಎಲ್ಲ ಹೊತ್ತೂ ನೆಲವನ್ನು ಒತ್ತುತ್ತಿತ್ತು. ಬಾಯಿ ಏನೇ ಹೇಳಲಿ, ನನ್ನ ಅಂಕಪಟ್ಟಿ ಆ ಕಾಲಿನಲ್ಲಿತ್ತು.

ಚಿತ್ತಾಪುರ ದಾಟಿ ವಾಡಿಯ ಕಡೆಗೆ ಒಮ್ಮೆ ಕರೆದುಕೊಂಡು ಹೋದರು. ಲಾರಿಗಳ ನಡುವೆ ಓಡಿಸದೆ ಕಲಿತದ್ದು ಕಲಿತದ್ದಲ್ಲ ಎಂಬುದು ಅವರ ವಾದ. ವಾಡಿ ಹತ್ತಿರದ ಏರಿನಲ್ಲಿ ಸಾಲು ನಿಂತಿತು. ಮುಂದೆ ಕಲ್ಲಿನ ಲಾರಿ, ಹಿಂದೆ ಸಿಮೆಂಟಿನ ದೊಡ್ಡ ಟ್ಯಾಂಕರು. ಸಾಲು ಸರಿದಾಗ ನಾನು ಕ್ಲಚ್ಚು ಬಿಟ್ಟೆ, ಇಂಜಿನ್ ಬಂದಾಯಿತು, ಕಾರು ಹಿಂದಕ್ಕೆ ಜಾರಿತು. ಟ್ಯಾಂಕರಿನವನು ಹಾರ್ನ್ ಒತ್ತಿ ಹಿಡಿದ. ಅವರು ಹ್ಯಾಂಡ್ ಬ್ರೇಕಿಗೆ ಕೈ ಹಾಕಬಹುದಿತ್ತು. ಹಾಕಲಿಲ್ಲ.

"ಬ್ರೇಕ್ ತುಳಿ. ತುಳದೇನು? ಹಾಂ. ಈಗ ಉಸರು ಬಿಡು. ಅಂವ ಎಷ್ಟರೆ ಒದರ್ಲಿ, ಅಂವನ ಗಾಡಿ ಅಂವಂದು, ನಿನ್ನ ಗಾಡಿ ನಿಂದು. ಚಾಲೂ ಮಾಡು."

ಕಾರು ಏರಿತು. ಏರಿನ ತುದಿಯಲ್ಲಿ ನೋಡಿದರೆ ಅವರ ಶರಟು ಬೆವರಿನಿಂದ ತೊಯ್ದಿತ್ತು, ಬಲಗಾಲಿನ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಅಂಥ ಮನುಷ್ಯ ಕೈಯನ್ನು ತೊಡೆಯ ಮೇಲೆ ಕಟ್ಟಿಹಾಕಿದಂತೆ ಇಟ್ಟುಕೊಂಡಿದ್ದರಲ್ಲ ಎಂದು ನನಗೆ ಅವತ್ತು ಅವರ ಮೇಲೆ ಪ್ರೀತಿ ಉಕ್ಕಿತು. ಹೇಳಲಿಲ್ಲ. ನಮ್ಮಲ್ಲಿ ಅದೆಲ್ಲ ಹೇಳುವ ರೂಢಿಯಿಲ್ಲ. ಚಿತ್ತಾಪುರದಲ್ಲಿ ಕಾರು ನಿಲ್ಲಿಸಿ ಹೊಸ ಚಪ್ಪಲಿ ಕೊಡಿಸಿದೆ.

ಕಲಬುರಗಿಯಲ್ಲಿ ಪರೀಕ್ಷೆಯಾಗಿ ಸರ್ಕಾರದ ಲೈಸೆನ್ಸು ಬಂತು. ಅವತ್ತಿನಿಂದ ಆಸ್ಪತ್ರೆಗೆ ನಾವು ನಮ್ಮ ಕಾರಿನಲ್ಲೇ ಹೋಗತೊಡಗಿದೆವು. ಅವರು ಪಾಳಿ ತಪ್ಪಿಸಲಿಲ್ಲ. ಮುಖದ ಊತ ಇಳಿಯಿತು. ಓಣಿಯಲ್ಲಿ ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದರು, ನಾನು ಬೇಕೆಂದೇ ಒಂದು ಹಾರ್ನ್ ಹೆಚ್ಚು ಹೊಡೆಯುತ್ತಿದ್ದೆ. ಆದರೆ ಅವರು ನಿದ್ದೆ ಮಾಡಲಿಲ್ಲ. ಯಂತ್ರದಿಂದ ಎದ್ದು ಬಂದು, ಕತ್ತು ನಿಲ್ಲದಷ್ಟು ದಣಿದಿದ್ದರೂ ಕಾಲು ನೆಲ ಒತ್ತುತ್ತಿತ್ತು, ಎಡಗೈ ಬಾಗಿಲ ಮೇಲಿತ್ತು. "ಮಲಕೋರಿ," ಅಂದರೆ, "ನಿದ್ದಿ ಬರವಲ್ದು," ಅನ್ನುತ್ತಿದ್ದರು. ಸರ್ಕಾರ ಪಾಸು ಮಾಡಿದವಳನ್ನು ಗಂಡ ಪ್ರತಿ ಸಲವೂ ಫೇಲು ಮಾಡುತ್ತಿದ್ದಾರೆ ಎಂದು ನಾನು ಒಳಗೊಳಗೇ ಉರಿಯುತ್ತಿದ್ದೆ. ಅವರು ಒಮ್ಮೆ ಮಲಗಿದರೆ ಸಾಕು ಎಂಬುದು ನನಗೆ ಒಂದು ಹರಕೆಯಂತೆ ಆಗಿಬಿಟ್ಟಿತ್ತು.

ಬರುವ ದಾರಿಯಲ್ಲಿ ಅವರದೊಂದು ನೇಮವಿತ್ತು. ಮಳಖೇಡದ ಹತ್ತಿರ ಕಾಗಿಣಾ ನದಿಯ ಸೇತುವೆ ಬರುತ್ತದೆ. ನದಿ ದಾಟುವಾಗ ನಮ್ಮ ಕಡೆಯವರು ಒಂದು ನಾಣ್ಯ ಹಾಕಿ ಕೈ ಮುಗಿಯುತ್ತಾರೆ. ಡ್ರೈವರ್ ಆಗಿದ್ದಾಗ ಅವರು ಗಿರಾಕಿಗಳಿಗಾಗಿ ಅಲ್ಲಿ ನಿಧಾನ ಮಾಡುತ್ತಿದ್ದರಂತೆ, ತಾವು ಹಾಕಲು ಆಗುತ್ತಿರಲಿಲ್ಲ. ನಾಣ್ಯ ಬೀಳಬೇಕಾದ್ದು ಸೇತುವೆಯ ಅಂಚಿಗಿರುವ ಎಡಗಡೆಯ ಕಿಟಕಿಯಿಂದ. ಈಗ ಆ ಕಿಟಕಿ ಅವರದಾಗಿತ್ತು. ತೆಂಗಳಿ ಕ್ರಾಸಿನ ರಸ್ತೆಯುಬ್ಬು ದಾಟಿದ್ದು ಮೈಗೆ ಗೊತ್ತಾದ ಕೂಡಲೇ ಶರಟಿನ ಜೇಬಿನಿಂದ ನಾಣ್ಯ ತೆಗೆದು ಎಡಗೈಯಲ್ಲಿ ಹಿಡಿದಿರುತ್ತಿದ್ದರು. ಸೇತುವೆಯ ಸದ್ದು ಬಂದಾಗ ಎಸೆಯುತ್ತಿದ್ದರು. "ನೀ ಮಾತ್ರ ಇಲ್ಲಿ ನಿಧಾನ ಮಾಡಬ್ಯಾಡ. ಹಿಂದ ಲಾರಿ ಇರ್ತಾವ. ನೀ ಮನಸ್ಸಿನ್ಯಾಗೇ ಕೈ ಮುಗಿ," ಅನ್ನುತ್ತಿದ್ದರು.

ಆ ಮಧ್ಯಾಹ್ನ ಯಂತ್ರದ ಮೇಲಿದ್ದಾಗ ಅವರ ಬಿ.ಪಿ. ಇಳಿದಿತ್ತು. ನರ್ಸು ಸ್ವಲ್ಪ ಹೊತ್ತು ಮಲಗಿಸಿ, ಸರಿಯಾಯಿತು ಎಂದು ಕಳಿಸಿದಳು. ಇಂಥದ್ದು ಮೊದಲೂ ಆಗಿತ್ತು. ಕಾರಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆ. ಕಲಬುರಗಿ ದಾಟುವವರೆಗೆ ಮಾತಾಡಿದರು. ಮಗಳು ಫೋನ್ ಮಾಡಿದ್ದಳೇ ಎಂದು ಕೇಳಿದರು. ತೆಂಗಳಿ ಕ್ರಾಸ್ ಹತ್ತಿರ ಎದುರಿನಿಂದ ಒಂದು ಲಾರಿ ಇನ್ನೊಂದನ್ನು ಹಿಂದೆ ಹಾಕುತ್ತ ನನ್ನ ಮೇಲೆಯೇ ಬರುತ್ತಿತ್ತು. ನಾನು ಎಡಕ್ಕೆ, ಮಣ್ಣಿನ ಮೇಲೆ ಇಳಿಸಿದೆ. ಎಡಗಡೆ ಎಷ್ಟು ಜಾಗ ಇದೆಯೆಂದು ಕೇಳಲೂ ಇಲ್ಲ, ನೋಡಲೂ ಇಲ್ಲ, ಗೊತ್ತಿತ್ತು. ಮತ್ತೆ ರಸ್ತೆಗೆ ಹತ್ತಿಸಿ, ಉಬ್ಬು ದಾಟಿದೆ.

"ಬರೋಬರ್," ಅಂದರು.

ಅವರು ನನ್ನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು. ನಾನು ರಸ್ತೆ ನೋಡುತ್ತಲೇ ಇದ್ದೆ, ಕಿವಿ ಬಿಸಿಯಾಗಿತ್ತು. ಸ್ವಲ್ಪ ದೂರ ಹೋದ ಮೇಲೆ ಓರೆಗಣ್ಣಿನಲ್ಲಿ ನೋಡಿದರೆ ಅವರ ಎಡಗೈ ಕಿಟಕಿಯಿಂದ ಒಳಗೆ ಬಂದು ತೊಡೆಯ ಮೇಲಿತ್ತು. ತಲೆ ಬಾಗಿಲಿನ ಕಡೆಗೆ ವಾಲಿತ್ತು. ಬಲಗಾಲು ನೆಲವನ್ನು ಒತ್ತುತ್ತಿರಲಿಲ್ಲ, ಹೊಸ ಚಪ್ಪಲಿಯಲ್ಲಿ ಸಡಿಲವಾಗಿ ಹೊರಳಿಕೊಂಡಿತ್ತು.

ಅವರು ನಿದ್ದೆ ಮಾಡುತ್ತಿದ್ದರು.

ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ಮಗಳು ಹುಟ್ಟಿದಾಗ ಆಗಿತ್ತೇನೋ ಅಷ್ಟು. ಸೇತುವೆ ಬಂತು, ಅವರ ಕೈ ಏಳಲಿಲ್ಲ. ಏಳದಿದ್ದದ್ದೇ ನನಗೆ ಖುಷಿ, ಅಷ್ಟು ಗಾಢ ನಿದ್ದೆ. ಅವರ ಪಾಲಿನದ್ದೂ ಸೇರಿಸಿ ನಾನೇ ಮನಸ್ಸಿನಲ್ಲಿ ನದಿಗೆ ಕೈ ಮುಗಿದೆ. ಮಳಖೇಡದಿಂದ ಸೇಡಂವರೆಗೆ ನಾನು ಓಡಿಸಿದ ಹಾಗೆ ಮತ್ತೆ ಯಾವತ್ತೂ ಓಡಿಸಿಲ್ಲ. ಒಂದು ಗುಂಡಿಗೂ ಚಕ್ರ ಇಳಿಸಲಿಲ್ಲ. ಒಂದು ಹಾರ್ನ್ ಹೊಡೆಯಲಿಲ್ಲ. ಗೇರು ಬದಲಿಸಿದ್ದು ನನಗೇ ಕೇಳಿಸಲಿಲ್ಲ. ಹಿಂದಿನ ಗಾಡಿಗಳು ಒದರಿದರೆ, ಮಲಗಿದವರಿದ್ದಾರೆ ಎಂಬ ಬುದ್ಧಿ ಇಲ್ಲವಲ್ಲ ಇವರಿಗೆ ಎಂದು ಬೈದುಕೊಂಡೆ.

ಮನೆಯ ಮುಂದೆ ಬೇವಿನ ನೆರಳಿನಲ್ಲಿ ನಿಲ್ಲಿಸಿದೆ. ಎಬ್ಬಿಸಲು ಮನಸ್ಸು ಬರಲಿಲ್ಲ. ಬಾಗಿಲನ್ನು ಸದ್ದಾಗದಂತೆ ಒತ್ತಿ, ಒಳಗೆ ಹೋಗಿ ರೊಟ್ಟಿಗೆ ಹೆಂಚಿಟ್ಟೆ. ಪಕ್ಕದ ಮನೆಯ ಅಕ್ಕ ಬಂದು, "ಯಾಕ, ಅಣ್ಣೋರು ಗಾಡ್ಯಾಗೇ ಅದಾರಲ?" ಎಂದಳು.

"ಸಪ್ಪಳ ಮಾಡಬ್ಯಾಡ್ರಿ ಅಕ್ಕಾ, ಮಲಗ್ಯಾರ. ನನ್ನ ಗಾಡ್ಯಾಗ ಇವತ್ತ ನಿದ್ದಿ ಹತ್ಯದ ಅವರಿಗಿ," ಅಂದೆ. ಆ ಹೆಮ್ಮೆಯ ದನಿ ಈಗಲೂ ನನ್ನ ಕಿವಿಯಲ್ಲಿದೆ. ರೊಟ್ಟಿ ಬಡಿದರೆ ಸದ್ದಾಗುತ್ತದೆಂದು ಹಿಟ್ಟನ್ನು ಮೆತ್ತಗೆ ತಟ್ಟಿದೆ.

ನೆರಳು ಸರಿದು ಬಿಸಿಲು ಅವರ ಮುಖದ ಮೇಲೆ ಬಂದಾಗ ಎಬ್ಬಿಸಲು ಹೋದೆ. ಕಪ್ಪು ಕನ್ನಡಕ ತೆಗೆದೆ. ಕಣ್ಣು ಅರ್ಧ ತೆರೆದಿದ್ದವು.

ಮುಂದಿನದನ್ನು ಕ್ರಮವಾಗಿ ಹೇಳಲು ನನ್ನಿಂದ ಆಗುವುದಿಲ್ಲ. ಅವರ ಕಾಕಾ ಬಂದರು, ಓಣಿ ತುಂಬ ಜನ ಬಂದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮೈ ಸೆಟೆಯುವ ಮೊದಲೇ ಗೋಡೆಗೆ ಒರಗಿಸಿ, ಬಟ್ಟೆಯಿಂದ ಕಟ್ಟಿ, ಕಾಲು ಮಡಚಿ ಕೂರಿಸಬೇಕು. "ಲಗೂನ ಕುಂದ್ರಸ್ರಪ್ಪಾ," ಎಂದು ಕಾಕಾ ಹೇಳಿ, ಕಾರಿನ ಹತ್ತಿರ ಹೋಗಿ ನಿಂತುಬಿಟ್ಟರು. ಬೆಲ್ಟ್ ಕಟ್ಟಿಕೊಂಡು ಅವರು ಕೂತೇ ಇದ್ದರು. ನನ್ನ ಹೊಲಿಗೆ ಮಷೀನನ್ನು ಹೊರಗಿಟ್ಟು, ಕೂತ ಹಾಗೆಯೇ ಎತ್ತಿ ತಂದು ಮುಂದಿನ ಕೋಣೆಯ ಗೋಡೆಗೆ ಒರಗಿಸಿದರು.

"ಎಲ್ಲಿ ಆತವಾ?" ಎಂದು ಕಾಕಾ ನನ್ನನ್ನು ಕೇಳಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪಕ್ಕದಲ್ಲೇ ಕೂತು ಬಂದವಳಿಗೆ ಗೊತ್ತಿಲ್ಲವೇ ಎಂಬ ಪ್ರಶ್ನೆ ಯಾರ ಬಾಯಿಂದಲೂ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮೊದಲು ನಿದ್ದೆ ಬಂತು, ನಿದ್ದೆಯಲ್ಲೇ ಹೋದರು, ಎಲ್ಲೋ ಸೇಡಂ ಹತ್ತಿರ, ಬಹುಶಃ ಮನೆಯ ಮುಂದೆಯೇ ಎಂದು ನಾನು ನನಗೆ ಹೇಳಿಕೊಳ್ಳುತ್ತಿದ್ದೆ. ಅಷ್ಟನ್ನಾದರೂ ಉಳಿಸಿಕೊಳ್ಳಬೇಕೆಂದಿದ್ದೆ.

ಸ್ವಾಮಿಗಳು ಬಂದು ಹಣೆಗೆ ವಿಭೂತಿ ಹಚ್ಚಿದರು. ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿ ಇಡಬೇಕು. ಎಡಗೈ ಮುಷ್ಟಿಯಾಗಿತ್ತು. ಸ್ವಾಮಿಗಳು ಬೆರಳುಗಳನ್ನು ಒಂದೊಂದಾಗಿ, ನೋವಾದೀತು ಎಂಬಂತೆ ನಿಧಾನವಾಗಿ ಬಿಡಿಸಿದರು. ಒಳಗಿನಿಂದ ಒಂದು ನಾಣ್ಯ ಬಿತ್ತು.

"ಇದ್ಯಾಕ ಹಿಡ್ಕೊಂಡಾನ ಇಂವ?" ಎಂದು ಕಾಕಾ ಎತ್ತಿಕೊಂಡು ನೋಡಿದರು.

ನಾನು ಕೈ ನೀಡಿ ಅದನ್ನು ತೆಗೆದುಕೊಂಡೆ. "ಸೇತುವಿ ಬರೂಕಿಂತ ಮೊದಲೇ ಆಗ್ಯದ ಕಾಕಾ," ಅಂದೆ.

ತೆಂಗಳಿ ಕ್ರಾಸಿನ ಉಬ್ಬು ದಾಟಿದಾಗ ಅವರು ಎಚ್ಚರವಿದ್ದರು, ನಾಣ್ಯ ತೆಗೆದುಕೊಂಡಿದ್ದರು, ನದಿಗಾಗಿ ಕಾಯುತ್ತಿದ್ದರು. ನಿದ್ದೆ ಮಾಡುವವನು ನಾಣ್ಯ ತೆಗೆದಿಟ್ಟುಕೊಳ್ಳುವುದಿಲ್ಲ. ನದಿ ಬರುವಷ್ಟರಲ್ಲಿ ಅವರು ಇರಲಿಲ್ಲ. ಗುಂಡಿ ತಪ್ಪಿಸಿ, ಹಾರ್ನ್ ಹೊಡೆಯದೆ, ಹರಕೆ ತೀರಿಸಿದಂತೆ ನಾನು ಅಷ್ಟು ದೂರ ಕರೆತಂದದ್ದು ಹೆಣವನ್ನು.

ಕಾರನ್ನು ಮಾರಲಿಲ್ಲ. ಎಡ ಮಗ್ಗುಲಿಗೆ ಬಣ್ಣವನ್ನೂ ಹಾಕಿಸಲಿಲ್ಲ. ಈಗ ಓಣಿಯಲ್ಲಿ ಯಾರಿಗಾದರೂ ಆಸ್ಪತ್ರೆಗೆ ಹೋಗಬೇಕಾದರೆ, ಅದರಲ್ಲೂ ಹೆಂಗಸರು, ನನ್ನನ್ನೇ ಕರೆಯುತ್ತಾರೆ. ಕಾಗಿಣಾ ಬಂದಾಗ ಎಡಗಡೆ ಕೂತವರು ನಾಣ್ಯ ಹಾಕುತ್ತಾರೆ. ನಮ್ಮವರ ಮುಷ್ಟಿಯಲ್ಲಿದ್ದ ನಾಣ್ಯ ಸ್ಟೇರಿಂಗ್ ಹಿಂದಿನ ಗೂಡಿನಲ್ಲಿ ಹಾಗೇ ಇದೆ. ನನ್ನ ಸೀಟಿನಿಂದ ಆ ಕಿಟಕಿಗೆ ಕೈ ಎಟುಕುವುದಿಲ್ಲ, ಬೇರೆಯವರ ಕೈಯಲ್ಲಿ ಕೊಡಲು ಮನಸ್ಸಾಗುವುದಿಲ್ಲ. ಸೇತುವೆಯ ಮೇಲೆ ನಿಧಾನವಂತೂ ಮಾಡುವುದಿಲ್ಲ.

ನಾನು ಚೆನ್ನಾಗಿ ಓಡಿಸುತ್ತೇನಂತೆ, ಎಲ್ಲರೂ ಹೇಳುತ್ತಾರೆ. ಕೂತ ಸ್ವಲ್ಪ ಹೊತ್ತಿಗೆ ಎಡಗಡೆಯ ಸೀಟಿನವರ ಕಣ್ಣು ಎಳೆಯುತ್ತವೆ, ತಲೆ ಬಾಗಿಲಿನ ಕಡೆಗೆ ವಾಲುತ್ತದೆ. ಆಗ ನಾನು ಎಡಗೈಯಿಂದ ಅವರ ಭುಜ ಹಿಡಿದು ಅಲ್ಲಾಡಿಸುತ್ತೇನೆ.

"ಮಲಕೋಬ್ಯಾಡ್ರಿ," ಅನ್ನುತ್ತೇನೆ. "ಏನರೆ ಮಾತಾಡ್ರಿ."